ಹಗೇವಿನ ಬಾಡಿಗೆ

ಅದಾಲತ್ತಿನ ಜವಾನ ನಮ್ಮ ಬಾಗಿಲಿಗೆ ಬಂದಾಗ ನಮ್ಮ ಅತ್ತೆ ಅವನಿಗೆ ಮೊದಲು ಮಜ್ಜಿಗೆ ಕೊಟ್ಟರು. ಸೇಡಮಿನ ಬಿಸಿಲಲ್ಲಿ ನಡೆದು ಬಂದಿದ್ದಾನೆ ಪಾಪ ಎಂದು ಜೀರಿಗೆ ಪುಡಿ ಬೇರೆ ಉದುರಿಸಿ ಕೊಟ್ಟರು. ಅವನು ಕುಡಿದು, ಇನ್ನೊಂದು ಲೋಟ ಕೇಳಿ ಅದನ್ನೂ ಕುಡಿದು, ಮೀಸೆ ಒರೆಸಿಕೊಂಡು, ಚೀಲದಿಂದ ಒಂದು ಉರ್ದು ಕಾಗದ ತೆಗೆದ.

"ಅವ್ವಾರ, ಇಲ್ಲೊಂದು ಹೆಬ್ಬಟ್ಟು ಒತ್ರಿ. ಸಾಹುಕಾರ್ರು ನಿಮ್ಮ ಮನಿ ಮ್ಯಾಲ ದಾವಾ ಹಾಕ್ಯಾರ."

ಅತ್ತೆ ಹೆಬ್ಬೆಟ್ಟು ಒತ್ತಿದರು. ಅವನು ಓಣಿಯ ತಿರುವು ದಾಟುವ ತನಕ ಹೊಸ್ತಿಲಲ್ಲಿ ನಿಂತಿದ್ದು, ಖಾಲಿ ಲೋಟವನ್ನು ನೋಡುತ್ತ, "ಮಜ್ಜಿಗಿ ಕುಡ್ದು ಮನಿ ಕೇಳಿ ಹೋದ ನೋಡವ್ವಾ" ಎಂದರು. ನನಗೆ ನಗುವೂ ಬಂತು, ಮೈಯೂ ಉರಿಯಿತು. ನಮ್ಮ ಅತ್ತೆಯ ಜೊತೆ ಬದುಕುವುದೆಂದರೆ ಯಾವಾಗಲೂ ಹೀಗೆಯೇ, ಎರಡೂ ಒಟ್ಟಿಗೇ ಬರುತ್ತಿದ್ದವು.

ನಿಜಾಮರ ಕಾಲದ ಮಾತು. ನಾನು ಆ ಮನೆಗೆ ಸೊಸೆಯಾಗಿ ಬಂದು ಕೆಲವೇ ವರ್ಷಗಳಾಗಿದ್ದವು. ನಾನು ಬರುವ ಹೊತ್ತಿಗೆ ಮಾವ ಲಿಂಗೈಕ್ಯರಾಗಿದ್ದರು. ಅವರಿಗೆ ಶಹಾಬಾದದ ಫರಸಿ ಕಲ್ಲೆಂದರೆ ವಿಪರೀತ ಪ್ರೀತಿಯಂತೆ. ಆ ಕಲ್ಲನ್ನು ಬಂಡಿಯಲ್ಲಿ ತರಿಸಿ ಚಿಂಚೋಳಿಯ ತನಕ ಮಾರುವ ವ್ಯಾಪಾರ ಹಿಡಿದರು. ಒಳ್ಳೆಯ ಕಲ್ಲು ಬಂದರೆ ಮಾರಲು ಮನಸ್ಸಾಗದೆ ನಮ್ಮ ಪಡಸಾಲೆಗೇ ಹಾಸಿಬಿಡುತ್ತಿದ್ದರು. ಉಳಿದದ್ದನ್ನು ಉದ್ರಿ ಕೊಡುತ್ತಿದ್ದರು. ಇಂಥ ವ್ಯಾಪಾರ ಎಲ್ಲಿಗೆ ಮುಟ್ಟಬೇಕೋ ಅಲ್ಲಿಗೇ ಮುಟ್ಟಿತು. ಎದುರು ಮನೆಯ ಸಾಹುಕಾರರ ಹತ್ತಿರ ಮನೆಯನ್ನು ಗಿರವಿ ಇಟ್ಟರು. ನೆಲ ಮಾತ್ರ ಎಷ್ಟು ಚೆಂದವಾಗಿತ್ತೆಂದರೆ ಬೇಸಿಗೆಯಲ್ಲಿ ಓಣಿಯ ಹೆಂಗಸರೆಲ್ಲ ಮಧ್ಯಾಹ್ನದ ನಿದ್ದೆಗೆ ನಮ್ಮಲ್ಲಿಗೇ ಬರುತ್ತಿದ್ದರು.

ನಮ್ಮವರು ವಾಡಿ ಜಂಕ್ಷನ್ನಿನಲ್ಲಿ ಪಾರ್ಸಲ್ ಗುಮಾಸ್ತರಾಗಿದ್ದರು. ಪಗಾರ ಬಂದಾಗ ಬಡ್ಡಿ ಕಟ್ಟುತ್ತಿದ್ದರು, ಕೆಲವು ಸಲ ತಪ್ಪುತ್ತಿತ್ತು. ಗಿರವಿಯ ಕಾಗದದಲ್ಲಿ ಒಂದು ಮುದ್ದತು ಬರೆದಿತ್ತು. ಅಷ್ಟರೊಳಗೆ ಅಸಲು ತೀರದಿದ್ದರೆ ಮನೆ ಸಾಹುಕಾರರಿಗೆ ಮಾರಿದಂತೆಯೇ ಸರಿ ಎಂದು ಅದರ ಅರ್ಥ. ಮುದ್ದತು ಮುಗಿದು ಎಷ್ಟೋ ವರ್ಷವಾಗಿತ್ತು. ಸಾಹುಕಾರರು ಬಡ್ಡಿ ತೆಗೆದುಕೊಳ್ಳುತ್ತ ಸುಮ್ಮನಿದ್ದರು. ಈಗ ಅವರ ಎರಡನೆಯ ಮಗ ಬೇರೆ ಮನೆ ಮಾಡಬೇಕೆಂದು ಹೊರಟಿದ್ದ. ಎದುರಿಗೇ ಒಂದು ಮನೆ ಸಿಕ್ಕುವಾಗ ಯಾರು ಬಿಡುತ್ತಾರೆ?

ಸುದ್ದಿ ಕೇಳಿ ನಮ್ಮವರು ವಾಡಿಯಿಂದ ಓಡಿ ಬಂದರು. ನನ್ನ ಗಂಡ ಯಾರ ಮೇಲೂ ದನಿ ಎತ್ತಿದ ಮನುಷ್ಯರಲ್ಲ. ಕಾಗದವನ್ನು ಓದಿ ಮಡಚಿ, "ವಾಡ್ಯಾಗ ರೈಲ್ವೇದವರ ಖೋಲಿ ಸಿಗ್ತಾವ. ಅವ್ವನ್ನ ಕರ್ಕೊಂಡು ಅಲ್ಲೇ ಇರೋಣು" ಎಂದರು.

"ನೀವು ಹೋಗ್ರಿ. ನಾ ಬರಂಗಿಲ್ಲ" ಎಂದೆ.

"ಮತ್ತೇನು ಮಾಡ್ತಿ?"

ಏನು ಮಾಡುತ್ತೇನೆಂದು ನನಗೇನು ಗೊತ್ತಿತ್ತು? ಅತ್ತೆ ಒಳಗೆ ರೊಟ್ಟಿ ಬಡಿಯುತ್ತಿದ್ದರು. ಬಡಿಯುವ ಸದ್ದು ನಿಂತು ನಿಂತು ಬರುತ್ತಿತ್ತು. ಎಲ್ಲ ಕೇಳಿಸುತ್ತಿದೆ ಎಂದು ಅದರಿಂದಲೇ ತಿಳಿಯಿತು. ಆ ಮನೆ ಬಿಟ್ಟರೆ ಆಕೆ ಉಳಿಯುವುದಿಲ್ಲ ಎಂದು ನನಗೆ ಖಚಿತವಾಗಿ ಅನ್ನಿಸಿತು. ಮರುದಿನ ರೈಲು ಹತ್ತಿ ಚಿತ್ತಾಪುರಕ್ಕೆ ನನ್ನ ಅಣ್ಣನ ಹತ್ತಿರ ಹೋದೆ.

ಅಣ್ಣ ಅಲ್ಲಿ ವಕೀಲ. ಅದಾಲತ್ತಿಗೆ ಶೇರವಾನಿ ಹಾಕಿಕೊಂಡು ಹೋದರೆ ಭಾರೀ ಮನುಷ್ಯನಂತೆ ಕಾಣುತ್ತಿದ್ದ. ಮನೆಯಲ್ಲಿ ಧೋತರ ಉಟ್ಟು ಚುರುಮುರಿ ತಿನ್ನುವಾಗ ಮಾತ್ರ ನನಗೆ ಪರಿಚಯವಿದ್ದ ಅಣ್ಣ. ಕಾಗದವನ್ನು ಓದಿ ಅವನು ಮೊದಲು ಕೇಳಿದ್ದು, ನಾವು ಪೇಶಿಗೆ, ಅಂದರೆ ವಿಚಾರಣೆಗೆ, ಹೋಗುತ್ತೇವೋ ಇಲ್ಲವೋ ಎಂದು.

"ನಮ್ಮ ಮಂದಿ ಭಾಳ ಜನ ಹೋಗಂಗೇ ಇಲ್ಲ, ತಂಗಿ. ಅಂಜಿ ಮನ್ಯಾಗ ಕುಂದ್ರತಾರ. ಆ ಕಡಿಂದ ಯಾರೂ ಬರಲಿಲ್ಲ ಅಂತ ಮುನ್ಸಿಫ್ ಸಾಹೇಬ್ರು ಸಾಹುಕಾರ ಹೇಳಿದ್ದೇ ಖರೆ ಅಂತ ಬರೀತಾರ. ಅರ್ಧಾ ಮನಿ ಹಂಗೇ ಹೋಗ್ತಾವ. ಮೊದಲು ಹೋಗಿ ನಿಂದರಬೇಕು, ಜವಾಬು ಕೊಡಬೇಕು."

"ಕಾಗದದಾಗ ಮಾರಿದಂಗೇ ಅಂತ ಬರ್ದಾರಲ್ಲೋ ಅಣ್ಣಾ?"

"ಬರದ್ರ ಏನಾಯ್ತು? ಸಾಲಕ್ಕ ಇಟ್ಟದ್ದು ಇಟ್ಟದ್ದೇ. ಮ್ಯಾಲ ಖರೀದಿ ಅಂತ ಹೆಸರಿಟ್ರೂ ಒಳಗ ಗಿರವಿ ಅಂತ ತೋರ್ಸಿದ್ರ ಬಿಡಿಸ್ಕೊಳ್ಳೋ ಹಕ್ಕು ಹೋಗಂಗಿಲ್ಲ. ಅದನ್ನ ತೋರ್ಸಬೇಕು. ಅದೇ ಕಷ್ಟದ ಕೆಲಸ."

ಹಿಂದಿನಿಂದ ಇಲ್ಲಿಯ ತನಕ ಸಾಹುಕಾರರು ಏನೇನು ತೆಗೆದುಕೊಂಡಿದ್ದಾರೋ ಅದರ ಲೆಕ್ಕ ಕೊಡಲಿ ಎಂದೂ ಕೇಳಬಹುದೆಂದ. ಪೇಶಿಯ ಹಿಂದಿನ ದಿನ ಸೇಡಮಿಗೆ ಬಂದು ನಮ್ಮ ಪಡಸಾಲೆಯಲ್ಲಿ ಕುಳಿತು ಅತ್ತೆಯನ್ನು ವಿಚಾರಿಸತೊಡಗಿದ. ಅತ್ತೆಗೆ ಸಾಹುಕಾರರ ಮೇಲೆ ಒಂದು ಕೆಟ್ಟ ಮಾತು ಬಾಯಿಗೆ ಬರಲಿಲ್ಲ.

"ಅವ್ವಾರ, ಬಡ್ಡಿ ಬಿಟ್ಟು ಅವರು ಬ್ಯಾರೆ ಏನರ ತೊಗೊಂಡಾರೇನ್ರಿ?"

"ಇಲ್ಲಪಾ. ಭಾಳ ಮರ್ಯಾದಿ ಮನಷ್ಯಾ."

"ಹೊಲದ ಮಾಲು, ಹಾಲು, ಮಸರು?"

"ಏನೂ ಇಲ್ಲ. ಅವರ ಮನ್ಯಾಗೇ ಎಮ್ಮಿ ಅವ."

ಮರ್ಯಾದೆಯ ಮನುಷ್ಯ ನಮ್ಮನ್ನು ಬೀದಿಗೆ ಹಾಕಲು ಹೊರಟಿದ್ದಾನೆ ಎಂದು ನಾನು ಅಡುಗೆಮನೆಯಿಂದಲೇ ಗೊಣಗಿದೆ. ಅಣ್ಣ ನಿರಾಸೆಯಿಂದ ಊಟ ಮುಗಿಸಿ, ಕೈ ತೊಳೆಯಲು ಅಂಗಳಕ್ಕೆ ಇಳಿದ. ಅಲ್ಲಿ ಒಂದು ಕಡೆ ನೆಲ ಸ್ವಲ್ಪ ಉಬ್ಬಿತ್ತು. ಕತ್ತಲಲ್ಲ, ಹಗಲೇ, ಆದರೂ ಎಡವಿದ.

"ಇದೇನು ಇಲ್ಲಿ? ಹಗೇವೇನು?"

ಹಗೇವೆಂದರೆ ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ. ಈಗಿನವರಿಗಾಗಿ ಹೇಳುತ್ತೇನೆ: ನೆಲದೊಳಗೆ ಬಾವಿಯಂತೆ ತೋಡಿ, ಸುತ್ತ ಹುಲ್ಲು ಕೊಟ್ಟು, ಜೋಳ ತುಂಬಿ, ಬಾಯಿಗೆ ಫರಸಿ ಮುಚ್ಚಿ ಮಣ್ಣು ಎಳೆಯುತ್ತಿದ್ದರು. ವರ್ಷಗಟ್ಟಲೆ ಜೋಳಕ್ಕೆ ಹುಳ ಹತ್ತುತ್ತಿರಲಿಲ್ಲ. ನಮ್ಮ ಅಂಗಳದ ಹಗೇವು ಊರಲ್ಲೇ ದೊಡ್ಡವುಗಳಲ್ಲಿ ಒಂದು.

"ಹಗೇವು ನಮ್ಮದು, ಜ್ವಾಳ ಸಾಹುಕಾರ್ರವು" ಎಂದರು ಅತ್ತೆ. ಆಮೇಲೆ ಅವರಿಗೆ ಮಾತು ಹತ್ತಿತು. "ಅದೊಂದು ನೀ ಅವರಿಗಿ ಹೇಳಪಾ. ಗಿರವಿ ಇಟ್ಟಾಗಿಂದ ಅವರೇ ತುಂಬ್ಲಿಕತ್ತಾರ. ತಮ್ಮ ಹಗೇವು ಎಲ್ಲಾ ಮಂದಿಗಿ ಬಾಡಿಗಿ ಕೊಟ್ಟಾರ, ತಮ್ಮ ಜ್ವಾಳ ಇಲ್ಲಿ ತಂದು ಹಾಕ್ತಾರ. ತೆಗಿಯೋ ದಿನಾ ಅಂಗಳದಾಗ ಕಾಲಿಡ್ಲಿಕ್ಕಾಗಲ್ಲ. ವಾಸನಿ ಅಂತೂ ತಲಿ ತಿರಗ್ತದ. ನಾವು ಜ್ವಾಳ ಎಲ್ಲಿ ಇಡಬೇಕು? ಮೂಲ್ಯಾಗ ಚೀಲದಾಗ. ಇಲಿ ತಿಂತಾವ."

ಅಣ್ಣ ಒದ್ದೆ ಕೈಯಲ್ಲೇ ನಿಂತುಬಿಟ್ಟ. ಆಮೇಲೆ ನಗತೊಡಗಿದ. ನಕ್ಕು ನಕ್ಕು ಬಾವಿಕಟ್ಟೆಯ ಮೇಲೆ ಕುಳಿತ.

"ಏನ್ರಿ ಅವ್ವಾರ, ಏನೂ ತೊಗೊಂಡಿಲ್ಲ ಅಂದ್ರಿ?"

"ಜ್ವಾಳ ಅವರೇ ತಂದು ಇಟ್ಟಾರಪಾ. ತೊಗೊಂಡದ್ದೇನು?"

ಅಣ್ಣ ನಮಗೆ ಬಿಡಿಸಿ ಹೇಳಿದ. ಸಾಲ ಕೊಟ್ಟವನು ಗಿರವಿಯ ಮನೆಯಲ್ಲಿ ಒಂದು ಭಾಗವನ್ನು ತಾನೇ ಬಳಸಿದರೆ, ಅದರ ಬಾಡಿಗೆಯನ್ನು ಸಾಲದಲ್ಲಿ ಮುರಿಯಬೇಕು. ಇಷ್ಟು ವರ್ಷದ ಹಗೇವಿನ ಬಾಡಿಗೆ ಮುರಿದರೆ ಬಡ್ಡಿಯ ಬಾಕಿಯೆಲ್ಲ ಹೋಗಿ, ಅಸಲಿನಲ್ಲೂ ಒಂದು ಪಾಲು ಹೋಗುತ್ತದೆ. ಅಷ್ಟೇ ಅಲ್ಲ, ಮುದ್ದತು ಮುಗಿದ ಮೇಲೂ ನಾವು ಮನೆಯಲ್ಲಿ, ಅವರು ಹಗೇವಿನಲ್ಲಿ, ಮೇಲೆ ಬಡ್ಡಿ ಬೇರೆ ನಡೆದಿದೆ ಎಂದರೆ ಇದು ಮಾರಿದ್ದಲ್ಲ, ಗಿರವಿಯೇ ಎಂದು ತೋರಿಸಬಹುದು. ಅತ್ತೆ ಎಲ್ಲ ಕೇಳಿ, "ನೆರಿಹೊರಿಯವರ ಹತ್ರ ಹಗೇವಿಗಿ ಬಾಡಿಗಿ ಕೇಳೋದಾ?" ಎಂದು ಮುಖ ಸಣ್ಣ ಮಾಡಿಕೊಂಡರು. ಅವರನ್ನು ಒಪ್ಪಿಸಲು ಅಣ್ಣನಿಗೆ ಸಾಹುಕಾರರ ವಕೀಲನನ್ನು ಎದುರಿಸುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಪೇಶಿಯ ದಿನ ಅತ್ತೆ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬಂದು ಅದಾಲತ್ತಿನ ಮೂಲೆಯಲ್ಲಿ ನನ್ನ ಕೈ ಹಿಡಿದು ನಿಂತರು. ಮುನ್ಸಿಫ್ ಸಾಹೇಬರು ಹೈದರಾಬಾದಿನ ಕಡೆಯವರು, ಹೊಸದಾಗಿ ಬಂದವರು. ಅಣ್ಣ ಹಗೇವಿನ ಮಾತು ತೆಗೆದ ಕೂಡಲೇ ಕೈ ಎತ್ತಿ ತಡೆದರು. ಕಾಳನ್ನು ಮಣ್ಣಿನಲ್ಲಿ ಹೂತರೆ ಕೊಳೆಯುವುದಿಲ್ಲವೆ ಎಂದು ಕೇಳಿದರು. ತಗೋ, ಅಲ್ಲಿದ್ದವರೆಲ್ಲ ಒಟ್ಟಿಗೆ ಹೇಳಲು ಶುರು ಮಾಡಿದರು. ಅಣ್ಣ ಹುಲ್ಲಿನ ಬಗ್ಗೆ ಹೇಳಿದ, ಸಾಹುಕಾರರ ವಕೀಲ ಫರಸಿಯ ಬಗ್ಗೆ, ಸಾಹೇಬರ ಗುಮಾಸ್ತ ಪೇಶ್ಕಾರ ತನ್ನ ಅಜ್ಜನ ಹಗೇವಿನ ಬಗ್ಗೆ. ನಮ್ಮ ಮಜ್ಜಿಗೆ ಕುಡಿದ ಜವಾನ ಬಾಗಿಲಿನಿಂದಲೇ ಬೇವಿನ ಸೊಪ್ಪು ಹಾಕುವುದನ್ನು ಮರೆಯಬಾರದೆಂದ. ದಾವಾ ಹೂಡಿದವರೂ ಹೂಡಿಸಿಕೊಂಡವರೂ ಒಂದೇ ಮನೆಯವರಂತೆ ಹಗೇವಿನ ಪರ ನಿಂತದ್ದನ್ನು ಕಂಡು ಸಾಹೇಬರಿಗೆ ನಗು ತಡೆಯಲಾಗಲಿಲ್ಲ.

ಅಷ್ಟರಲ್ಲಿ ಸಾಹುಕಾರರ ವಕೀಲನಿಗೆ ಅಣ್ಣನ ದಾರಿ ಯಾವ ಕಡೆಗೆಂದು ಹೊಳೆಯಿತು. ಬಾಗಿ ಸಾಹುಕಾರರ ಕಿವಿಯಲ್ಲಿ ಏನೋ ಹೇಳಿದ. ಸಾಹುಕಾರರು ಎದ್ದು, ರುಮಾಲು ಸರಿ ಮಾಡಿಕೊಂಡು, "ಸಾಹೇಬ್ರ, ಆ ಹಗೇವಿನ್ಯಾಗಿನ ಜ್ವಾಳ ನಮ್ಮವಲ್ಲ. ಅವರವೇ" ಎಂದರು.

ಅತ್ತೆ ನನ್ನ ಕೈಯನ್ನು ಹಿಂಡಿದರು. ನಾನು ಬಾಯಿ ತೆರೆಯುವ ಮೊದಲೇ ಅಣ್ಣ, "ಭಾಳ ಛಲೋ ಆಯ್ತು. ಅವರು ಹೇಳಿದ್ದು ಬರ್ಕೊಳ್ರಿ" ಎಂದು ಪೇಶ್ಕಾರನಿಗೆ ಹೇಳಿ, ಅದಾಲತ್ತಿನ ಅಮೀನರನ್ನು ಕಳಿಸಿ ಪಂಚರ ಮುಂದೆ ಹಗೇವು ತೆಗೆಸಿ ನೋಡಬೇಕೆಂದು ಅರ್ಜಿ ಕೊಟ್ಟ. ಸಾಹೇಬರು ಒಪ್ಪಿದರು. ಅವರಿಗೂ ಹಗೇವಿನೊಳಗೆ ಏನಿರುತ್ತದೆಂದು ತಿಳಿಯುವ ಆಸೆ ಇದ್ದಿರಬೇಕು.

ದಾರಿಯುದ್ದಕ್ಕೂ ಅಣ್ಣ ಹಿಗ್ಗಿನಲ್ಲಿದ್ದ. ಸಾಹುಕಾರರು ಜೋಳ ತಮ್ಮವು ಎಂದರೆ ಬಾಡಿಗೆ ಮುರಿಯಬೇಕು, ತಮ್ಮವಲ್ಲ ಎಂದರೆ ಜೋಳ ಹೋಗುತ್ತದೆ, ಎಲ್ಲಿಗೆ ಓಡುತ್ತಾರೆ ಎಂದ. ನಾನಾಗಲೇ ಮನಸ್ಸಿನಲ್ಲಿ ಆ ಜೋಳವನ್ನೆಲ್ಲ ಬೀಸಿ, ತವರಿಗೂ ಒಂದು ಚೀಲ ಕಳಿಸಿಯಾಗಿತ್ತು. ಅತ್ತೆ ಮಾತ್ರ ಮನೆ ಮುಟ್ಟಿದ ಮೇಲೆ ಲಿಂಗವನ್ನು ಕೈಯಲ್ಲಿ ಹಿಡಿದು ಕುಳಿತರು.

"ಅವರು ಸುಳ್ಳ ಹೇಳಿದ್ರ ಅವರವು ನಮ್ಮವು ಆಗ್ತಾವೇನು? ಮನಿ ಉಳಿಲಿ, ಬಿಡಲಿ. ಆ ಜ್ವಾಳದ್ದು ಒಂದು ರೊಟ್ಟಿ ನನ್ನ ಒಲಿ ಮ್ಯಾಲ ಬೇಯಂಗಿಲ್ಲ. ಅಮೀನರು ಕೇಳಿದ್ರ ನಾ ಖರೆ ಹೇಳಾಕಿ."

"ನೀವು ಖರೆ ಹೇಳ್ತೀರಿ, ಅವರು ಸುಳ್ಳ ಹೇಳ್ತಾರ. ಯಾರ ಮಾತು ನಂಬಬೇಕ್ರಿ ಅತ್ತಿ?" ಎಂದು ಸಿಟ್ಟಿನಿಂದ ಕೇಳಿದೆ. ಆ ವಾರವೆಲ್ಲ ನಾನು ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಟ್ಟೆ.

ಅಮೀನರು ಬೆಳಗಿನ ತಂಪಿನಲ್ಲೇ ಬಂದರು. ನಮ್ಮವರು ರಜೆ ಹಾಕಿ ಬಂದಿದ್ದರು. ಪಂಚರಿಗೆ ಕಂಬಳಿ ಹಾಸಿದೆವು. ಹಗೇವು ತೆಗೆಯುವವರು ಮಣ್ಣು ಎಳೆದು, ಹಾರೆ ಹಾಕಿ ಫರಸಿಯನ್ನು ಪಕ್ಕಕ್ಕೆ ಸರಿಸಿದರು. ಸರಿಸಿದ ಕೂಡಲೇ ಯಾರೂ ಇಳಿಯಬಾರದು. ಒಳಗಿನ ಕೆಟ್ಟ ಗಾಳಿ ಹೋಗಬೇಕು, ಇಲ್ಲದಿದ್ದರೆ ಇಳಿದವನು ಏಳುವುದಿಲ್ಲ. ಅದಕ್ಕೆ ಎಲ್ಲರೂ ದೂರ ಸರಿದು ಕುಳಿತೆವು. ಹಗೇವಿನ ಜೋಳದ ಆ ಮುಗ್ಗು ವಾಸನೆ ಅಂಗಳ ದಾಟಿ, ಗೋಡೆ ದಾಟಿ ಓಣಿಗೆಲ್ಲ ಹರಡಿತು. ಅಮೀನರು ಮೂಗಿಗೆ ಬಟ್ಟೆ ಹಿಡಿದರು.

ಅಣ್ಣನಾಗಲಿ, ಸಾಹುಕಾರರ ವಕೀಲನಾಗಲಿ ಲೆಕ್ಕಕ್ಕೆ ಹಿಡಿಯದಿದ್ದ ಒಂದು ಸಂಗತಿ ಅಂದರೆ ಆ ವಾಸನೆಯೇ. ನಮ್ಮ ಓಣಿಯಲ್ಲಿ ಒಂದು ರೂಢಿ ಇತ್ತು. ಬೇರೆಯವರ ಹಗೇವಿನಲ್ಲಿ ಜೋಳ ಇಟ್ಟವರು, ಅದನ್ನು ತೆಗೆಯುವ ದಿನ ಮೊದಲ ಬುಟ್ಟಿ ಮೇಲೆ ಬರುವ ಮೊದಲು ಆ ಮನೆಯ ಹಿರಿಯ ಹೆಂಗಸಿಗೆ, ಆಕೆ ಗಂಡನಿಲ್ಲದವಳಾದರೂ ಸರಿ, ಉಡಿ ತುಂಬಬೇಕು. ತುಂಬದಿದ್ದರೆ ಜೋಳ ಮನೆಗೆ ದಕ್ಕುವುದಿಲ್ಲ ಎಂಬ ನಂಬಿಕೆ. ಅಡುಗೆಮನೆಯಲ್ಲಿದ್ದ ಸಾಹುಕಾರರ ಹೆಂಡತಿಗೆ ವಾಸನೆ ಮುಟ್ಟಿತು. ಅದಾಲತ್ತಿನಲ್ಲಿ ಗಂಡ ಏನು ಹೇಳಿ ಬಂದಿದ್ದಾರೆಂದು ಆಕೆಗೆ ಯಾರು ಹೇಳಬೇಕು? ಮನೆಗೆ ಬಂದು ಹೆಂಡತಿಗೆ ಅದಾಲತ್ತಿನ ಸುದ್ದಿ ಹೇಳುವ ಗಂಡಸರು ಆ ಕಾಲದಲ್ಲಿ ಇರಲಿಲ್ಲ.

ಆಕೆ ತಾಟಿನಲ್ಲಿ ಕೊಬ್ಬರಿ ಬಟ್ಟಲು, ಅರಿಸಿನ ಕೊಂಬು, ಎಲೆ ಅಡಿಕೆ, ಒಂದು ಖಣ ಇಟ್ಟುಕೊಂಡು ಧಾವಿಸಿ ಬಂದರು. ಅಮೀನರನ್ನು ನೋಡಲಿಲ್ಲ, ಪಂಚರನ್ನು ನೋಡಲಿಲ್ಲ. ನೇರವಾಗಿ ಅತ್ತೆಯ ಮುಂದೆ ನಿಂತರು.

"ಏನ್ ಯಕ್ಕಾ ಇದು. ಹಗೇವು ತೆಗಿಸ್ಲಿಕತ್ತೀರಿ, ನನಗೊಂದು ಮಾತು ಹೇಳಿ ಕಳಿಸಬಾರದೇನು? ಉಡಿ ತುಂಬದಂಗ ಬುಟ್ಟಿ ಎತ್ತಿದ್ರ ಆ ಜ್ವಾಳ ನಮಗ ದಕ್ಕತಾವೇನು?"

ಅಮೀನರು ಮೂಗಿನ ಬಟ್ಟೆ ತೆಗೆದರು.

"ಜ್ವಾಳ ಯಾರವು ಅಮ್ಮಾ?"

"ಯಾರವು ಅಂದ್ರ? ನಮ್ಮವೇ. ಯಕ್ಕನ ಮನ್ಯಾಗೇ ಹಾಕ್ತೀವಿ ವರ್ಷಾ ವರ್ಷಾ. ಊರಿಗೇ ಗೊತ್ತದ."

ಆಗ ಸಾಹುಕಾರರು ಬಂದರು. ತಲೆಯ ಮೇಲೆ ರುಮಾಲು ಇರಲಿಲ್ಲ, ಒಂದೇ ಕಾಲಲ್ಲಿ ಚಪ್ಪಲಿ ಇತ್ತು. ಆದರೆ ಮಾತು ಮುಗಿದಿತ್ತು. ಅಮೀನರು ಬಹಳ ಸಭ್ಯರು. ಹೆಂಡತಿಯ ಮಾತನ್ನು ಹಿಡಿಯದೆ ಗಂಡನನ್ನೇ ಕೇಳಿದರು. ನಿಮ್ಮವಲ್ಲವೆಂದು ಸಾಹೇಬರ ಮುಂದೆ ಹೇಳಿದ್ದೀರಿ, ಹಾಗೆಯೇ ಬರೆದುಕೊಳ್ಳಲೇ ಎಂದರು.

"ನಮ್ಮವಲ್ಲ ಅಂದೀರಾ?" ಹೆಂಡತಿ ತಾಟು ಹಿಡಿದೇ ಗಂಡನ ಕಡೆ ತಿರುಗಿದರು. "ಹಂಗಾದ್ರ ಮಗಳ ಮದುವಿಗಿ ನಾ ಯಾರ ಜ್ವಾಳ ಬೀಸ್ಲಿ?"

ಸಾಹುಕಾರರು ಹಗೇವಿನ ಬಾಯಿಯನ್ನು ನೋಡಿದರು. ಅಂಚಿನ ತನಕ ತುಂಬಿದ ಬಿಳಿ ಜೋಳ. ಪಾಪ, ಅವರ ಮುಖ ನೋಡಿ ನನಗೂ ಒಂದು ಕ್ಷಣ ಅಯ್ಯೋ ಅನ್ನಿಸಿತು.

"ನಮ್ಮವೇ ಬರ್ಕೊಳ್ರಿ" ಎಂದರು.

ಅಮೀನರು ಬರೆದುಕೊಂಡರು. ಸಾಹುಕಾರರು ಸಹಿ ಮಾಡಿದರು. ಅತ್ತೆ ಆ ಫರಸಿಯ ಪಕ್ಕದಲ್ಲೇ ಮಣೆ ಹಾಕಿಕೊಂಡು ಕುಳಿತು ಸೆರಗು ಒಡ್ಡಿದರು. ಸಾಹುಕಾರರ ಹೆಂಡತಿ ಉಡಿ ತುಂಬಿದರು. ಆಮೇಲೆ ನಾನು ಎಲ್ಲರಿಗೂ ಚುರುಮುರಿ ಒಗ್ಗರಿಸಿ ಸುಸಲಾ ಮಾಡಿದೆ. ಸಾಹುಕಾರರು ಎರಡು ಸಲ ಹಾಕಿಸಿಕೊಂಡರು.

ಮುಂದಿನ ಪೇಶಿಗೆ ಉಳಿದದ್ದು ಒಂದೇ ಪ್ರಶ್ನೆ, ಹಗೇವಿನ ಬಾಡಿಗೆ ಎಷ್ಟು ಎಂಬುದು. ಸಾಹುಕಾರರ ವಕೀಲ, ಹಳ್ಳ ತೋಡಿದ ಜಾಗಕ್ಕೆ ಎಂಥ ಬಾಡಿಗೆ ಎಂದು ವಾದಿಸಿದ. ಅಣ್ಣ ಊರಿನ ವ್ಯಾಪಾರಿಗಳನ್ನು ಕರೆಸಿದ. ಅವರೆಲ್ಲರ ಮನೆಯಲ್ಲೂ ಬಾಡಿಗೆಯ ಹಗೇವುಗಳಿದ್ದವು. ಕಡಿಮೆ ಹೇಳಿದರೆ ನಾಳೆ ತಮಗೇ ಕಡಿಮೆ ಬರುತ್ತದೆಂದು ಒಬ್ಬರಿಗಿಂತ ಒಬ್ಬರು ಏರಿಸಿಯೇ ಹೇಳಿದರು. ಕೊನೆಗೆ ಮುನ್ಸಿಫ್ ಸಾಹೇಬರು, ಸಾಹುಕಾರರು ತಮ್ಮ ಹಗೇವುಗಳಿಗೆ ಬೇರೆಯವರಿಂದ ತೆಗೆದುಕೊಳ್ಳುವ ದರವನ್ನೇ ಹಿಡಿದರು. ತಮ್ಮ ದರ ಹೆಚ್ಚೆಂದು ಸಾಹುಕಾರರು ತಾವೇ ಹೇಳುವ ಹಾಗಿರಲಿಲ್ಲ. ಕಾಗದದಲ್ಲಿ ಏನೇ ಬರೆದಿರಲಿ, ಇದು ಗಿರವಿ, ಮಾರಾಟವಲ್ಲ ಎಂದು ತೀರ್ಪಾಯಿತು. ಬಾಡಿಗೆ ಮುರಿದು ಉಳಿದದ್ದನ್ನು ಕಿಸ್ತಿನ ಮೇಲೆ, ಅಂದರೆ ಕಂತುಗಳಲ್ಲಿ, ಕಟ್ಟಿ ಮನೆ ಬಿಡಿಸಿಕೊಳ್ಳಬೇಕೆಂದರು.

ನಮ್ಮವರು ಒಂದು ಕಿಸ್ತೂ ತಪ್ಪಿಸಲಿಲ್ಲ. ವಾಡಿಯಲ್ಲಿ ರಾತ್ರಿ ಪಾಳಿಯನ್ನೂ ಕೇಳಿ ಹಾಕಿಸಿಕೊಂಡರು. ಸಾಹುಕಾರರ ಮಗಳ ಮದುವೆಗೆ ನಾವೆಲ್ಲ ಹೋಗಿ ಉಂಡು ಬಂದೆವು. ಅದಾದ ಮೇಲೆ ನಮ್ಮ ಹಗೇವಿಗೆ ಅವರು ತಿಂಗಳ ಬಾಡಿಗೆ ಕೊಡತೊಡಗಿದರು. ಒಂದೊಂದು ಸಲ ತಡವಾದರೆ ಅತ್ತೆ ಹೋಗಿ ಕೇಳುತ್ತಲೂ ಇದ್ದರು.

ಕೊನೆಯ ಕಿಸ್ತು ಕಟ್ಟಿ, ಗಿರವಿಯ ಕಾಗದಕ್ಕೆ ರದ್ದು ಎಂದು ಮೊಹರು ಹಾಕಿಸಿಕೊಂಡು ನಮ್ಮವರು ಸಂಜೆ ಮನೆಗೆ ಬಂದರು. ಅತ್ತೆ ಕಾಗದ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಮರುದಿನ ಬೆಳಿಗ್ಗೆ ನಾನು ನೀರು ತುಂಬುತ್ತಿದ್ದಾಗ ಪಡಸಾಲೆಯಿಂದ ಠಕ್ ಠಕ್ ಎಂದು ಸದ್ದು ಕೇಳಿಸಿತು. ಹೋಗಿ ನೋಡಿದರೆ ಅತ್ತೆ ಒರಳಿನ ಮೇಲೆ ಹತ್ತಿ ನಿಂತು ಗುಂಡುಕಲ್ಲಿನಿಂದ ಗೋಡೆಗೆ ಮೊಳೆ ಹೊಡೆಯುತ್ತಿದ್ದರು. ಬಗಲಲ್ಲಿ ಮಾವನವರ ಫೋಟೊ. ಕಟ್ಟು ಹಾಕಿಸಿದ ಅಂಥದೊಂದು ಫೋಟೊ ಮನೆಯಲ್ಲಿದೆ ಎಂದೇ ನನಗೆ ಗೊತ್ತಿರಲಿಲ್ಲ. ಅಷ್ಟೂ ವರ್ಷ ಅದು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇತ್ತಂತೆ.

"ಮೊದಲೇ ಯಾಕ ತೂಗ ಹಾಕಲಿಲ್ರಿ ಅತ್ತಿ?"

"ಮಂದಿ ಗ್ವಾಡಿಗಿ ಇವರನ್ನ ಹ್ಯಾಂಗ ತೂಗ ಹಾಕ್ಲಿ?" ಎಂದರು.

ನನಗೆ ಅಳು ಬಂತು. ಅದಾಲತ್ತಿನಲ್ಲಿ ಬರದ ಅಳು, ಜವಾನ ಬಂದ ದಿನ ಬರದ ಅಳು ಆಗ ಬಂತು. ಆಕೆ ಇಷ್ಟು ವರ್ಷ ಆ ಮನೆಯಲ್ಲಿ ಗುಡಿಸಿ, ಸಾರಿಸಿ, ಓಣಿಯವರಿಗೆಲ್ಲ ಮಜ್ಜಿಗೆ ಕೊಟ್ಟು ಬಾಳಿದ್ದರು. ಒಂದು ದಿನವೂ ಅದನ್ನು ತನ್ನದೆಂದುಕೊಂಡಿರಲಿಲ್ಲ.

ಅತ್ತೆ ಫೋಟೊ ತೂಗುಹಾಕಿ ಒರಳಿನಿಂದ ಇಳಿದು, ಎರಡು ಹೆಜ್ಜೆ ಹಿಂದೆ ಸರಿದು, "ನೆಟ್ಟಗ ಅದೇನು ನೋಡು" ಎಂದರು. ಮಾವ ಸ್ವಲ್ಪ ಎಡಕ್ಕೆ ವಾಲಿದ್ದರು. ನಾನು ಕಣ್ಣು ಒರೆಸಿಕೊಂಡು, ನೆಟ್ಟಗೇ ಅದಾರ್ರಿ ಎಂದೆ.